ಆ್ಯಪಿನ ಸಿಪ್ಪೆ

ನಾನು ಮಾಡಿದ ಮೊದಲ ಆ್ಯಪನ್ನು ಈ ಭೂಮಿಯ ಮೇಲೆ ಎಲ್ಲರಿಗಿಂತ ಮುಂಚೆ ಬೇಡವೆಂದವಳು ನನ್ನ ಅಮ್ಮ. ನೋಡಿ ಬೇಡವೆಂದಿದ್ದರೆ ಸಮಾಧಾನವಿತ್ತು. ನೋಡುವ ಹಂತವೇ ಬರಲಿಲ್ಲ.

“ಜಾಗ ಇಲ್ಲ ಅಂತಿದೆ ಮಾರಾಯ ಈ ಫೋನು. ಏನಾದ್ರೂ ತೆಗೆದ್ರೆ ಮಾತ್ರ ನಿಂದು ಒಳಗೆ ಬರ್ತದಂತೆ. ಎಂತ ತೆಗೀಲಿ? ಪುಟ್ಟಿ ಕುಣಿದದ್ದು ತೆಗೀಲಾ?”

ಪುಟ್ಟಿ ಎಂದರೆ ನನ್ನ ಮಗಳು. ತಕ್ಕಡಿಯ ಒಂದು ತಟ್ಟೆಯಲ್ಲಿ ಮೊಮ್ಮಗಳ ಕುಣಿತ, ಇನ್ನೊಂದರಲ್ಲಿ ಮಗ ಆರು ತಿಂಗಳು ನಿದ್ದೆಗೆಟ್ಟು ಮಾಡಿದ ಆ್ಯಪು. ಯಾವುದು ತೂಗಿತು ಎಂದು ಬಿಡಿಸಿ ಹೇಳಬೇಕಾಗಿಲ್ಲ. “ಆ ಗುಡ್ ಮಾರ್ನಿಂಗ್ ಚಿತ್ರಗಳನ್ನಾದರೂ ತೆಗಿ” ಎಂದೆ. ಮೂರು ಸಾವಿರದಷ್ಟಿವೆ ಅವು: ಗುಲಾಬಿ, ಸೂರ್ಯೋದಯ, ಚಹಾದ ಬಟ್ಟಲು, ಮೇಲೊಂದು ಸುಭಾಷಿತ. “ಬೇರೆಯವರು ಪ್ರೀತಿಯಿಂದ ಕಳ್ಸಿದ್ದು, ಹೆಂಗೆ ಬಿಸಾಕದು?” ಎಂದಳು. ಈ ತರ್ಕಕ್ಕೆ ಯಾವ ಎಂಜಿನಿಯರಿಂಗ್ ಕಾಲೇಜಿನಲ್ಲೂ ಉತ್ತರ ಹೇಳಿಕೊಟ್ಟಿಲ್ಲ.

ಆ್ಯಪಿನ ವಿಷಯ ಹೇಳುತ್ತೇನೆ. ನಮ್ಮದು ತೀರ್ಥಹಳ್ಳಿ ಕಡೆ. ಅಪ್ಪ ಹೋದ ಮೇಲೆ ತೋಟದ ಲೆಕ್ಕವೆಲ್ಲ ಅಮ್ಮನದೇ. ನಮ್ಮ ಕಡೆ ಮಳೆ ಯಾವಾಗ ಬರುತ್ತದೆ ಎಂಬುದಕ್ಕಿಂತ ಇವತ್ತು ರಾಶಿ ಎಷ್ಟಾಯಿತು ಎಂಬುದು ದೊಡ್ಡ ಪ್ರಶ್ನೆ. ರಾಶಿ, ಬೆಟ್ಟೆ, ಸರಕು, ಗೊರಬಲು, ಈ ನಾಲ್ಕು ಬಗೆಯ ಅಡಿಕೆಯ ಆ ದಿನದ ಧಾರಣೆಯನ್ನು ತೋರಿಸುವುದಷ್ಟೇ ನನ್ನ ಆ್ಯಪಿನ ಕೆಲಸ. ನಾಲ್ಕು ಸಂಖ್ಯೆ. ಕಂಪ್ಯೂಟರಿನ ಲೆಕ್ಕದಲ್ಲಿ ಒಂದು ಸಂಖ್ಯೆಗೆ ನಾಲ್ಕು ಬೈಟ್ ಎಂದರೂ ಒಟ್ಟು ಹದಿನಾರು ಬೈಟ್. ಆ ಹದಿನಾರು ಬೈಟನ್ನು ಅಮ್ಮನ ಅಂಗೈಗೆ ತಲುಪಿಸಲು ನಾನು ಕಟ್ಟಿದ ಮೂಟೆಯ ತೂಕ 48 ಎಂಬಿ. ಅದೂ ಇಳಿಸಿಕೊಳ್ಳುವಾಗಿನ ತೂಕ. ಫೋನಿನೊಳಗೆ ಬಿಚ್ಚಿಕೊಂಡು ಕೂತ ಮೇಲೆ ಅದು ನೂರರ ಮೇಲೆ ಹೋಗುತ್ತಿತ್ತು, ಮದುವೆಮನೆಗೆ ಒಂದೇ ಬ್ಯಾಗಿನಲ್ಲಿ ಬಂದ ನೆಂಟರು ಇಡೀ ಕೋಣೆಗೆ ಹರಡಿಕೊಂಡ ಹಾಗೆ.

ಅವಮಾನವಾಯಿತು. ಯಾಕೆಂದರೆ ಅಡಿಕೆ ಬೆಳೆಗಾರರ ಮನೆಯವನಿಗೆ ಸಿಪ್ಪೆಯ ಲೆಕ್ಕ ಗೊತ್ತಿರಬೇಕು. ಒಂದು ಕ್ವಿಂಟಾಲ್ ಹಸಿ ಅಡಿಕೆ ಅಂಗಳಕ್ಕೆ ಬಂದರೆ ಅದರಿಂದ ಒಣಗಿದ ಅಡಿಕೆ ಸಿಗುವುದು ಹದಿಮೂರು ಕೆಜಿಯ ಆಸುಪಾಸು. ಮೆಟ್ಟುಗತ್ತಿಯ ಮುಂದೆ ಕೂತು ಸುಲಿದದ್ದೇ ಸುಲಿದದ್ದು. ಆಮೇಲೆ ಹಂಡೆಯಲ್ಲಿ ಚೊಗರಿನ ನೀರಲ್ಲಿ ಬೇಯಿಸಿ, ಬಿಸಿಲಿಗೆ ಹಾಕಿ, ಕಾಗೆ ಓಡಿಸಿ, ಮೋಡ ಕಂಡರೆ ಬಾಚಿ ಒಳಗೆ ತಂದು, ಮತ್ತೆ ಹರಡಿ, ಕೊನೆಗೆ ಮಂಡಿಗೆ ಹೊರಡುವಾಗ ಉಳಿಯುವುದು ಆ ಹದಿಮೂರು ಕೆಜಿ. ಸಿಪ್ಪೆಯ ಸಮೇತ ಮಂಡಿಗೆ ಹೊತ್ತುಕೊಂಡು ಹೋದವನನ್ನು ನಮ್ಮೂರಲ್ಲಿ ಯಾರೂ ಕಂಡಿಲ್ಲ. ನಾನು ಮಾತ್ರ ಹೊತ್ತುಕೊಂಡು ಹೋಗಿದ್ದೆ.

ಒಂದು ಶನಿವಾರ ರಾತ್ರಿ ಆ್ಯಪನ್ನು ಬಿಚ್ಚಿ ಕೂತೆ. ಆಂಡ್ರಾಯ್ಡ್ ಆ್ಯಪನ್ನು ಕಟ್ಟಿಡುವ ಎಪಿಕೆ ಎಂಬ ಕಡತವನ್ನು ಬಿಚ್ಚುವುದಕ್ಕೆ ದೊಡ್ಡ ವಿದ್ಯೆ ಬೇಡ. ಅದರ ಬಾಲದಲ್ಲಿರುವ ‘ಎಪಿಕೆ’ ತೆಗೆದು ‘ಝಿಪ್’ ಎಂದು ಬರೆದರೆ ಸಾಕು, ಯಾವ ಕಂಪ್ಯೂಟರಾದರೂ ಬಿಚ್ಚಿ ತೋರಿಸುತ್ತದೆ. ಒಳಗಿರುವುದು ಹಳೇ ಝಿಪ್ಪೇ. ಆ ಕಡತದ ಮೊದಲ ಎರಡು ಬೈಟುಗಳನ್ನು ಅಕ್ಷರವಾಗಿ ಓದಿದರೆ ‘ಪಿ’ ಮತ್ತು ‘ಕೆ’ ಎಂದು ಬರುತ್ತದೆ. ಅದು ಫಿಲ್ ಕಾಟ್ಜ್ ಎಂಬವನ ಇನಿಷಿಯಲ್ಲು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಈತ 1989ರಲ್ಲಿ ಝಿಪ್ ಎಂಬ ಕಟ್ಟುವ ವಿಧಾನವನ್ನು ಜಗತ್ತಿಗೆ ಕೊಟ್ಟ, 2000ನೇ ಇಸವಿಯಲ್ಲಿ, 37ನೇ ವಯಸ್ಸಿಗೇ ತೀರಿಕೊಂಡ. ಆಂಡ್ರಾಯ್ಡ್ ಎಂಬುದನ್ನು ಅವನು ನೋಡಲೇ ಇಲ್ಲ. ನಮ್ಮಲ್ಲಿ ಮದುವೆಗೆ ಕೊಡುವ ಸ್ಟೀಲ್ ಪಾತ್ರೆಯ ಮೇಲೆ ಕೊಟ್ಟವರ ಹೆಸರು ಕೆತ್ತಿಸುತ್ತಾರಲ್ಲ, ಕೊಟ್ಟವರು ಹೋಗಿ ಎಷ್ಟೋ ವರ್ಷವಾದರೂ ಸಾರು ಬಡಿಸುವಾಗಲೆಲ್ಲ ಅವರ ಹೆಸರು ಕಣ್ಣಿಗೆ ಬೀಳುತ್ತದಲ್ಲ, ಹಾಗೆ ಜಗತ್ತಿನ ಪ್ರತಿಯೊಂದು ಎಪಿಕೆಯ ನೆತ್ತಿಯ ಮೇಲೂ ಆ ಎರಡಕ್ಷರ ಕೂತಿವೆ. ತೀರ್ಥಹಳ್ಳಿಯ ಗೊರಬಲಿನ ಧಾರಣೆಯ ಮೇಲೂ.

ಝಿಪ್‌ನದೊಂದು ತಮಾಷೆಯೆಂದರೆ ಅದರ ವಿಷಯಸೂಚಿ ಇರುವುದು ಕೊನೆಯಲ್ಲಿ. ಒಳಗೆ ಏನೇನಿದೆ, ಎಲ್ಲೆಲ್ಲಿದೆ ಎಂದು ತಿಳಿಯಬೇಕಾದರೆ ಹಿಂದಿನಿಂದ ಓದಬೇಕು. ನಮ್ಮಪ್ಪ ಪೇಪರನ್ನು ಓದುತ್ತಿದ್ದದ್ದೂ ಹೀಗೆಯೇ. ಧಾರಣೆ ಆ ಕಡೆಯ ಪುಟಗಳಲ್ಲಿರುತ್ತಿತ್ತು. ದೇಶದ ಪ್ರಧಾನಿ ಬದಲಾದ ಸುದ್ದಿ ಅವರಿಗೆ ತಲುಪುವಾಗ ಕಾಫಿ ಆರಿರುತ್ತಿತ್ತು.

ಬಿಚ್ಚಿ ನೋಡಿದರೆ ಒಳಗೆ ಜಾತ್ರೆ. ಅಡಿಕೆ ಗೊನೆಯ ಒಂದು ಚಿತ್ರ ಹಾಕಿದ್ದೆ. ಅದು ಐದು ಅಳತೆಯಲ್ಲಿ ಐದು ಸಲ ಕೂತಿತ್ತು, ಸಣ್ಣ ಪರದೆಗೊಂದು, ದೊಡ್ಡದಕ್ಕೊಂದು, ಅತಿ ನಯವಾದದ್ದಕ್ಕೊಂದು ಎಂದು. ಧಾರಣೆಯ ಜತೆಗೆ ಯಾವಾಗಲಾದರೂ ಸುತ್ತೋಲೆಯ ಪಿಡಿಎಫ್ ತೋರಿಸಬೇಕಾಗಬಹುದು ಎಂದು ಗೆಳೆಯನೊಬ್ಬ ಹೇಳಿದ್ದ. ಅದಕ್ಕಾಗಿ ಬೇರೆಯವರು ಬರೆದಿಟ್ಟ ಸಿದ್ಧ ಕೋಡಿನ ಒಂದು ಕಟ್ಟು, ಅಂದರೆ ಲೈಬ್ರರಿ, ತಂದಿಟ್ಟಿದ್ದೆ. ಆ ಸುತ್ತೋಲೆ ಇವತ್ತಿನವರೆಗೂ ಬಂದಿಲ್ಲ, ಲೈಬ್ರರಿ ಮಾತ್ರ ನಾಲ್ಕು ಬಗೆಯ ಪ್ರೊಸೆಸರಿಗೆ ನಾಲ್ಕು ಪ್ರತಿಯಾಗಿ, ಹದಿನೈದು ಎಂಬಿಗೂ ಹೆಚ್ಚು ಜಾಗದಲ್ಲಿ ಕಾಲು ಚಾಚಿ ಮಲಗಿತ್ತು. ಅಮ್ಮನ ಫೋನಿಗಿರುವುದು ಒಂದೇ ಪ್ರೊಸೆಸರು. ಒಬ್ಬಳ ಕಾಲಿಗೆ ನಾಲ್ಕು ಅಳತೆಯ ಚಪ್ಪಲಿ ಕಳಿಸಿ, ಯಾವುದು ಹಿಡಿಸುತ್ತದೋ ಹಾಕಿಕೋ, ಉಳಿದ ಮೂರು ಜೊತೆಯನ್ನೂ ಬಗಲಲ್ಲಿ ಹೊತ್ತು ತಿರುಗು ಎಂದ ಹಾಗೆ.

ಇನ್ನು ಭಾಷೆ. ನನ್ನ ಆ್ಯಪಿನಲ್ಲಿರುವುದು ಕನ್ನಡ, ಸ್ವಲ್ಪ ಇಂಗ್ಲಿಷು. ಆದರೆ ಗುಂಡಿ, ಪಟ್ಟಿಗಳಿಗೆಂದು ಬಳಸಿದ ಸಿದ್ಧ ಸಾಮಗ್ರಿಯ ಜತೆಗೆ ಎಂಬತ್ತರ ಹತ್ತಿರ ಭಾಷೆಗಳ ಅನುವಾದ ತಾನಾಗಿ ಬಂದು ಸೇರಿಕೊಂಡಿತ್ತು. ಅಮ್ಹಾರಿಕ್, ಬಾಸ್ಕ್, ಐಸ್‌ಲ್ಯಾಂಡಿಕ್, ಝುಲು. ಮೇಗರವಳ್ಳಿಯ ಅಡಿಕೆ ಬೆಳೆಗಾರರೊಬ್ಬರು ಅಕಸ್ಮಾತ್ ತಮ್ಮ ಫೋನನ್ನು ಝುಲು ಭಾಷೆಗೆ ತಿರುಗಿಸಿಕೊಂಡರೆ, ರಾಶಿಯ ಬೆಲೆ ನೋಡಿ ‘ಹಿಂದಕ್ಕೆ ಹೋಗಿ’ ಎಂಬ ಸೂಚನೆಯನ್ನು ಆ ಭಾಷೆಯಲ್ಲೇ ಪಡೆಯುವ ಏರ್ಪಾಡು ಪೂರ್ತಿ ಸಿದ್ಧವಾಗಿತ್ತು. ಬೇಕಾದ ಎರಡು ಭಾಷೆಗಳ ಹೆಸರು ಬರೆದು, ಉಳಿದದ್ದು ಬೇಡ ಎಂದು ಒಂದು ಸಾಲು ಸೇರಿಸಿದರೆ ಮುಗಿಯಿತು. ಸೇರಿಸುವಾಗ ಸ್ವಲ್ಪ ಬೇಸರವೂ ಆಯಿತು ಎನ್ನಿ. ಅಷ್ಟೊಂದು ಭಾಷೆಗಳು ಮನೆಗೆ ಬಂದು, ಯಾರೊಬ್ಬರೂ ಕೂರಿ ಎನ್ನದೆ, ಹಾಗೇ ವಾಪಸು.

ಕನ್ನಡದ ಫಾಂಟುಗಳ ವಿಷಯದಲ್ಲಿ ನನ್ನ ಕೈ ನಡುಗಿತು. ಮೂರು ಫಾಂಟು ತುಂಬಿದ್ದೆ. ಅದಕ್ಕೆ ಹಳೇ ಭಯವೇ ಕಾರಣ. ನನ್ನ ಮೊದಲ ಆಂಡ್ರಾಯ್ಡ್ ಫೋನಿನಲ್ಲಿ ಯಾರಾದರೂ ಕನ್ನಡದಲ್ಲಿ ಮೆಸೇಜು ಕಳಿಸಿದರೆ ಸಾಲಾಗಿ ಚೌಕದ ಡಬ್ಬಗಳು ಕಾಣುತ್ತಿದ್ದವು. ‘ಹಬ್ಬದ ಶುಭಾಶಯ’ ಎಂಬುದು ಗೋದಾಮಿನ ಹಾಗಿರುತ್ತಿತ್ತು. 2012ರ ಜೆಲ್ಲಿ ಬೀನ್ ಆವೃತ್ತಿಯಲ್ಲಿ ಆಂಡ್ರಾಯ್ಡ್ ಕನ್ನಡದ ಅಕ್ಷರಗಳನ್ನು ಜೋಡಿಸಿ ತೋರಿಸುವುದನ್ನು ಕಲಿಯಿತು. ಒತ್ತಕ್ಷರ, ಗುಣಿತ, ಅರ್ಕಾವೊತ್ತುಗಳನ್ನೆಲ್ಲ ಹೊತ್ತ ನಮ್ಮ ಫಾಂಟು ಇಂಗ್ಲಿಷಿನದರಷ್ಟು ತೆಳ್ಳಗಿರುವುದಿಲ್ಲ. ಅಷ್ಟೇಕೆ, ಯೂನಿಕೋಡಿನ ಚಾಲ್ತಿ ಬರವಣಿಗೆಯಲ್ಲಿ ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಬೈಟಾದರೆ ಕನ್ನಡದ ಒಂದು ‘ಅ’ಗೆ ಮೂರು. ‘ಅಡಿಕೆ’ ಎಂದು ಬರೆದರೆ ಇಕಾರ, ಎತ್ವಗಳ ಲೆಕ್ಕವೂ ಸೇರಿ ಹದಿನೈದು ಬೈಟ್. ಇಂದಿನ ಫೋನುಗಳಲ್ಲೆಲ್ಲ ಕನ್ನಡ ಇದ್ದೇ ಇದೆ, ನನ್ನ ಫಾಂಟು ಯಾರಿಗೂ ಬೇಕಾಗಿಲ್ಲ. ಹಾಗೆಂದು ಗೊತ್ತಿದ್ದೂ ಒಂದನ್ನು ಉಳಿಸಿಕೊಂಡೆ. ಡಬ್ಬ ನೋಡಿದ ಕಣ್ಣು, ಏನು ಮಾಡುವುದು.

ಚಿತ್ರ, ಭಾಷೆ, ಫಾಂಟುಗಳ ಕತೆ ಇಷ್ಟಾದರೆ ನಿಜವಾದ ಕೊಬ್ಬು ಇದ್ದದ್ದು ಕೋಡಿನಲ್ಲಿ. ಆಂಡ್ರಾಯ್ಡಿನಲ್ಲಿ ಕೋಡು ‘ಡೆಕ್ಸ್’ ಎಂಬ ಕಡತದಲ್ಲಿ ಕೂರುತ್ತದೆ. ಡೆಕ್ಸ್ ಎಂದರೆ ಡಾಲ್ವಿಕ್‌ಗೆ ಸಂಬಂಧಿಸಿದ್ದು. ಡಾಲ್ವಿಕ್ ಎಂದರೆ ಐಸ್‌ಲ್ಯಾಂಡಿನ ಒಂದು ಮೀನುಗಾರರ ಊರು. ಆಂಡ್ರಾಯ್ಡಿನಲ್ಲಿ ಕೋಡನ್ನು ಓಡಿಸುವ ಮೊದಲ ತಂತ್ರಾಂಶ-ಯಂತ್ರವನ್ನು ಬರೆದ ಡ್ಯಾನ್ ಬಾರ್ನ್‌ಸ್ಟೀನ್ ಅದಕ್ಕೆ ಆ ಊರಿನ ಹೆಸರಿಟ್ಟ. (ಐಸ್‌ಲ್ಯಾಂಡಿಕ್ ಅನುವಾದವನ್ನು ಹೊರಗೆ ಹಾಕಿದ್ದಕ್ಕೆ ಬೇಸರವಾದದ್ದು ಇದನ್ನು ನೆನೆದೇ.) ಒಂದು ಡೆಕ್ಸ್ ಕಡತದಲ್ಲಿ ಹೆಚ್ಚೆಂದರೆ 65,536 ಮೆಥಡ್‌ಗಳನ್ನು, ಅಂದರೆ ಒಂದೊಂದು ಕೆಲಸಕ್ಕೆ ಬರೆದ ಕೋಡಿನ ತುಣುಕುಗಳನ್ನು, ಹೆಸರಿಸಬಹುದು, ಅದಕ್ಕಿಂತ ಹೆಚ್ಚಾದರೆ ಎರಡನೆಯ ಕಡತ ಬೇಕು. ನಾನು ಬರೆದದ್ದು ಎಲ್ಲ ಸೇರಿ ನೂರು ದಾಟಿರಲಿಕ್ಕಿಲ್ಲ. ಆದರೂ ಎರಡು ಡೆಕ್ಸ್ ಕಡತ! ದಿನಾಂಕ ಬರೆಯಲು ಒಂದು ಲೈಬ್ರರಿ, ಗೆರೆ ಎಳೆಯಲು ಒಂದು, ಆ ಗೆರೆಗೆ ಬಣ್ಣ ಬಳಿಯಲು ಇನ್ನೊಂದು. ಒಂದು ಸೌಟು ಮಜ್ಜಿಗೆಗೆ ಎಮ್ಮೆ ಕಟ್ಟಿದ್ದೆ. ಎಮ್ಮೆಯ ಹಿಂದೆ ಅದರ ಬಂಧುಬಳಗವೂ ಬಂದಿತ್ತು.

ಇದಕ್ಕೆ ಮದ್ದು ಉಂಟು. ಬೆಲ್ಜಿಯಂನ ಎರಿಕ್ ಲಾಫೋರ್ಚೂನ್ 2002ರಲ್ಲಿ ಹೊರತಂದ ಪ್ರೋಗಾರ್ಡ್ ಎಂಬ ಸಲಕರಣೆ ಬೇಡದ ಕೋಡನ್ನು ಸುಲಿದು ತೆಗೆಯುವ ಕೆಲಸವನ್ನು ಬಹಳ ಕಾಲ ಮಾಡಿತು. 2019ರಿಂದ ಅದರ ಜಾಗದಲ್ಲಿ ಗೂಗಲ್‌ನ ಆರ್8 ಕೂತಿದೆ. ಇವುಗಳ ಕ್ರಮ ನಮ್ಮ ಮನೆಗಳಲ್ಲಿ ಲಗ್ನಪತ್ರಿಕೆ ಹಂಚುವ ಪಟ್ಟಿ ಮಾಡಿದಂತೆ. ಯಜಮಾನರಿಂದ ಶುರು ಮಾಡಿ, ಅವರು ಯಾರನ್ನು ಕರೆಯುತ್ತಾರೆ, ಅವರು ಮತ್ತೆ ಯಾರನ್ನು ಕರೆಯುತ್ತಾರೆ ಎಂದು ಎಳೆ ಹಿಡಿದು ಹೋಗುವುದು. ಯಾರೂ ಕರೆಯದವರು ಹೊರಗೆ. ಅಲ್ಲಿಗೆ ನಿಲ್ಲದೆ, ಉಳಿದವರ ಉದ್ದುದ್ದ ಹೆಸರನ್ನೂ ಮೊಟಕು ಮಾಡಿ ಎ, ಬಿ, ಸಿ ಎಂದು ಕರೆಯುತ್ತದೆ. ‘ಇಂದಿನ ಧಾರಣೆಯನ್ನು ಸರ್ವರಿನಿಂದ ತರುವವನು’ ಎಂಬ ಅರ್ಥದ ಹೆಸರನ್ನು ನಾನು ಒಂದಿಡೀ ಸಂಜೆ ಯೋಚಿಸಿ ಇಟ್ಟಿದ್ದೆ. ಅದು ಬರೀ ‘ಎ’ ಆಯಿತು. ಅಷ್ಟು ಬೈಟ್ ಉಳಿಯಿತು.

ಹೀಗೆ ಹೆಸರು ಮೊಟಕು ಮಾಡುವುದರಲ್ಲಿ ನಮ್ಮ ಮನೆತನಕ್ಕೆ ಆರ್8ಗಿಂತ ಹಳೆಯ ಅನುಭವವಿದೆ. ನನ್ನ ದೊಡ್ಡಪ್ಪನಿಗೆ ನಾಮಕರಣದಲ್ಲಿ ಐದಕ್ಷರದ ದೇವರ ಹೆಸರನ್ನು ಇಟ್ಟಿದ್ದರಂತೆ. ತೊಟ್ಟಿಲಿಂದ ಇಳಿಯುವ ಮುಂಚೆಯೇ ಅದು ಗುಂಡು ಆಯಿತು, ಮೀಸೆ ಬಂದ ಮೇಲೆ ಗುಂಡಣ್ಣ ಆಯಿತು. ಒಮ್ಮೆ ಊರಿಗೆ ಹೊಸ ಪೋಸ್ಟ್‌ಮ್ಯಾನ್ ಬಂದ. ರಿಜಿಸ್ಟರ್ಡ್ ಪತ್ರವೊಂದನ್ನು ಹಿಡಿದುಕೊಂಡು, ಅದರ ಮೇಲಿದ್ದ ಐದಕ್ಷರದ ಹೆಸರನ್ನು ಕೇರಿಯೆಲ್ಲ ವಿಚಾರಿಸಿದ. ಯಾರಿಗೂ ಗೊತ್ತಿಲ್ಲ. ಕೊನೆಗೆ ಜಗಲಿಯಲ್ಲಿ ಎಲೆಯಡಿಕೆ ಹಾಕುತ್ತ ಕೂತಿದ್ದ ದೊಡ್ಡಪ್ಪನನ್ನೇ ಕೇಳಿದ. ದೊಡ್ಡಪ್ಪ ಸುಣ್ಣ ಹಚ್ಚುತ್ತ ಒಂದು ಕ್ಷಣ ಯೋಚಿಸಿ, “ಅಂಥವರು ಈ ಕಡೆ ಯಾರೂ ಇಲ್ಲ ಮಾರಾಯ, ಆ ಹೊಳೆಯಾಚೆ ಕೇಳಿ ನೋಡು” ಎಂದರು. ಪತ್ರ ಬಂದ ದಾರಿಗೆ ಹೋಯಿತು.

ನನ್ನ ಆ್ಯಪಿನಲ್ಲಿ ಆದದ್ದು ಇದೇ. ಸರ್ವರಿನಿಂದ ಬರುವ ಮಾಹಿತಿಯ ಮೇಲೆ ‘ರಾಶಿ’, ‘ಬೆಟ್ಟೆ’ ಎಂದು ಪೂರ್ತಿ ಹೆಸರಿರುತ್ತದೆ. ಅದನ್ನು ಹಿಡಿದುಕೊಂಡು ಬಂದ ಲೈಬ್ರರಿ, ಒಳಗೆ ಅದೇ ಹೆಸರಿನವರು ಯಾರಾದರೂ ಇದ್ದಾರೆಯೇ ಎಂದು ಆ್ಯಪು ಓಡುತ್ತಿರುವಾಗ ಹುಡುಕುತ್ತದೆ. ಆರ್8 ಅಷ್ಟರೊಳಗೆ ರಾಶಿಯನ್ನು ‘ಎ’ ಮಾಡಿ, ಬೆಟ್ಟೆಯನ್ನು ‘ಬಿ’ ಮಾಡಿ ಇಟ್ಟಿತ್ತು. ಅಂಥವರು ಯಾರೂ ಇಲ್ಲ ಎಂದು ಉತ್ತರ ಬಂತು. ಲೈಬ್ರರಿ ದೂರು ಹೇಳಲಿಲ್ಲ, ಗದ್ದಲ ಮಾಡಲಿಲ್ಲ, ಖಾಲಿ ಬಿಟ್ಟ ಜಾಗದಲ್ಲಿ ಸೊನ್ನೆ ಇಟ್ಟು ಹೋಯಿತು. ನನ್ನ ಮೇಜಿನ ಮೇಲಿನ ಪರೀಕ್ಷೆಯ ಆವೃತ್ತಿಯಲ್ಲಿ ಈ ಸುಲಿಯುವ ಕೆಲಸವೇ ನಡೆಯದ ಕಾರಣ ಅಲ್ಲೆಲ್ಲ ಚಿನ್ನದಂಥ ಸಂಖ್ಯೆಗಳು. ಬಿಡುಗಡೆಯ ಆವೃತ್ತಿ ಹಾಕಿಕೊಂಡಿದ್ದ ಆರೇಳು ಜನ ನೆಂಟರ ಫೋನಿನಲ್ಲಿ ಮಾತ್ರ: ರಾಶಿ 0, ಬೆಟ್ಟೆ 0, ಸರಕು 0, ಗೊರಬಲು 0.

ಬೆಳಿಗ್ಗೆ ಎಂಟು ಗಂಟೆಗೆ ಚಿಕ್ಕಪ್ಪನ ಫೋನು. ಧ್ವನಿಯಲ್ಲಿ ಸೂತಕ. “ಎಂತದಾ ಇದು, ಅಡಿಕೆ ಬ್ಯಾನ್ ಮಾಡಿಬಿಟ್ರಾ?” ಅಡಿಕೆ ನಿಷೇಧವಾಗುತ್ತದಂತೆ ಎಂಬುದು ಮಲೆನಾಡಿನಲ್ಲಿ ಕೆಲವು ವರ್ಷಗಳಿಗೊಮ್ಮೆ ಮರುಕಳಿಸುವ ಜ್ವರ. ಗೊರಬಲು ಬಿದ್ದರೆ ಬಿದ್ದೀತು, ಸರಕೂ ಸೊನ್ನೆಯಾಯಿತೆಂದರೆ ಮೇಲಿನವರೇ ಏನೋ ಮಾಡಿರಬೇಕು ಎಂದು ಅವರ ಲೆಕ್ಕ. ಕೊನೆ ತೆಗೆಯಲು ಬಂದವರನ್ನು ಮರ ಹತ್ತಿಸದೆ ಕೆಳಗೇ ನಿಲ್ಲಿಸಿಕೊಂಡಿದ್ದರು. ತಪ್ಪು ನನ್ನದು, ಧಾರಣೆ ಸರಿಯಿದೆ, ಹೆಸರು ಮೊಟಕಾಯಿತು ಎಂದೆಲ್ಲ ವಿವರಿಸಿದೆ. ಎಲ್ಲ ಕೇಳಿಸಿಕೊಂಡು, “ಹಂಗಾದ್ರೆ ಹತ್ಲಾ?” ಎಂದಷ್ಟೇ ಕೇಳಿದರು.

ಆಮೇಲೆ ‘ಇವರ ಹೆಸರನ್ನು ಮುಟ್ಟಬೇಡ’ ಎಂದು ಆರ್8ಗೆ ಬರೆದು ಕೊಡುವ ಚೀಟಿಯಲ್ಲಿ ಆ ನಾಲ್ವರನ್ನೂ ಸೇರಿಸಿದೆ. ಅದಕ್ಕೆ ಕೀಪ್ ರೂಲ್ ಎನ್ನುತ್ತಾರೆ. ಜತೆಗೆ ಯಾರಿಗೆ ಯಾವ ಅಡ್ಡಹೆಸರು ಎಂದು ಪಟ್ಟಿಯಿರುವ ಮ್ಯಾಪಿಂಗ್ ಕಡತವನ್ನು ಜೋಪಾನವಾಗಿಡುವುದನ್ನೂ ಕಲಿತೆ. ಅದಿಲ್ಲದಿದ್ದರೆ ನಾಳೆ ‘ಬಿಯ ಒಳಗಿನ ಸಿ ಎಡವಿ ಬಿದ್ದ’ ಎಂದು ದೂರು ಬಂದಾಗ ಯಾರ ಮನೆಯ ಯಾವ ಸಿ ಎಂದು ಬ್ರಹ್ಮನಿಗೂ ತಿಳಿಯುವುದಿಲ್ಲ. ನಮ್ಮ ಕುಟುಂಬದ ಮ್ಯಾಪಿಂಗ್ ಕಡತ ಸೋದರತ್ತೆಯ ತಲೆಯಲ್ಲಿದೆ. ಅದರ ಪ್ರತಿಯನ್ನು ಯಾರೂ ತೆಗೆದಿಟ್ಟಿಲ್ಲ.

ಇಷ್ಟೆಲ್ಲ ಸುಲಿದು ಒಣಗಿಸಿದ ಮೇಲೆ ಮೂಟೆ ಆರೂವರೆ ಎಂಬಿಗೆ ಬಂತು. 48ರಲ್ಲಿ ಆರೂವರೆ ಎಂದರೆ ನೂರಕ್ಕೆ ಹದಿಮೂರೂವರೆ. ನಮ್ಮ ಅಂಗಳದ ಲೆಕ್ಕಕ್ಕೆ ಇಷ್ಟು ಸರಿಯಾಗಿ ಕೂತದ್ದು ನೋಡಿ ಆ ರಾತ್ರಿ ಒಬ್ಬನೇ ನಕ್ಕೆ. ಹೆಂಡತಿ ಎದ್ದು ಬಂದು ದೀಪ ಆರಿಸಿ ಹೋದಳು.

ಕಡಿಮೆ ಮಾಡುವ ಹುರುಪಿನಲ್ಲಿದ್ದವನಿಗೆ ಕೊನೆಯಲ್ಲಿ ಸಿಕ್ಕಿದ್ದು ಝಿಪ್‌ಅಲೈನ್. ಹೆಸರು ಕೇಳಿದರೆ ಇದೂ ಹಿಂಡುವ ಯಂತ್ರವೇ ಅನ್ನಿಸುತ್ತದೆ. ಇದು ಮಾಡುವುದು ಉಲ್ಟಾ ಕೆಲಸ: ಅಲ್ಲಲ್ಲಿ ಖಾಲಿ ಜಾಗ ಬಿಡುತ್ತದೆ, ಕಡತವನ್ನು ಒಂದಿಷ್ಟು ಬೈಟ್ ದಪ್ಪ ಮಾಡುತ್ತದೆ. ಮೊದಲು ನನಗೆ ಇದು ತಲೆಗೆ ಹೋಗಲಿಲ್ಲ. ಹೋದದ್ದು ಅಮ್ಮನ ಅಡುಗೆಮನೆ ನೆನಪಾದಾಗ.

ನಮ್ಮ ಅಡುಗೆಮನೆಯ ನಾಗಂದಿಗೆಯ ಮೇಲೆ ಡಬ್ಬಗಳ ಸಾಲು. ಬೋರ್ನ್‌ವಿಟಾ ಡಬ್ಬದಲ್ಲಿ ಕೊತ್ತಂಬರಿ, ಹಾರ್ಲಿಕ್ಸ್ ಬಾಟಲಿಯಲ್ಲಿ ಸಾಸಿವೆ, ಬಿಸ್ಕತ್ತಿನ ತಗಡಿನ ಡಬ್ಬದಲ್ಲಿ ಮೆಂತ್ಯ. ಮೇಲಿನ ಹೆಸರಿಗೂ ಒಳಗಿನ ಪದಾರ್ಥಕ್ಕೂ ಸಂಬಂಧವಿಲ್ಲ. ಮಳೆಗಾಲದ ಸಂಜೆ ಕರೆಂಟು ಹೋದರೆ ಮತ್ತೆ ಬರುವುದು ಅದರ ಇಷ್ಟ. ಆ ಕತ್ತಲಲ್ಲೂ ಅಮ್ಮನ ಕೈ ಮೇಲೆ ಹೋಗಿ, ತಡವರಿಸದೆ, ಸಾಸಿವೆಯನ್ನೇ ತೆಗೆದುಕೊಂಡು ಕೆಳಗೆ ಬರುತ್ತಿತ್ತು. ನಾಲ್ಕು ಬೆರಳಿನ ಅಂತರಕ್ಕೊಂದು ಡಬ್ಬ ಶುರುವಾಗಬೇಕು ಎಂಬುದು ಅವಳ ಕಟ್ಟಳೆ. ಡಬ್ಬ ಸಣ್ಣದಾದರೆ ಉಳಿದ ಜಾಗ ಖಾಲಿ ಇರಲಿ, ಮುಂದಿನದು ಮಾತ್ರ ಅದರ ಗೆರೆಯಿಂದಲೇ ಶುರು. ಎಂಟನೇ ಕ್ಲಾಸಿನ ಬೇಸಿಗೆ ರಜೆಯಲ್ಲಿ ನನಗೆ ಜಾಗ ಉಳಿಸುವ ಉತ್ಸಾಹ ಬಂತು. ಡಬ್ಬಗಳನ್ನೆಲ್ಲ ಒಂದಕ್ಕೊಂದು ಒತ್ತಿ ಕೂರಿಸಿ, ಕೊನೆಯಲ್ಲಿ ಒಂದು ಮೊಳ ಖಾಲಿ ಜಾಗ ಮಾಡಿ, ಶಹಭಾಸ್‌ಗಿರಿಗೆ ಕಾದೆ. ಆ ಸಂಜೆ ಕರೆಂಟು ಹೋಯಿತು. ಒಗ್ಗರಣೆಗೆ ಸಾಸಿವೆಯ ಬದಲು ಒಂದು ಮುಷ್ಟಿ ಮೆಂತ್ಯ ಬಿತ್ತು. ಅಮ್ಮ ಬೈಯಲಿಲ್ಲ. “ಜಾಗ ಉಳೀತು, ಸಾರು ಹೋಯ್ತು” ಎಂದಳು.

ಫೋನಿನ ಕತೆಯೂ ಇದೇ. ಫೋಟೋಗಳು ಮೊದಲೇ ಕುಗ್ಗಿರುತ್ತವೆ, ಎಪಿಕೆ ಕಟ್ಟುವಾಗ ಅವನ್ನು ಮತ್ತೆ ಹಿಂಡಲು ಹೋಗುವುದಿಲ್ಲ, ಹಾಗೇ ಇಡುತ್ತಾರೆ. ಹಿಂಡಿದ ಬಟ್ಟೆಯನ್ನು ಮತ್ತೆ ಹಿಂಡಿದರೆ ಮಣಿಕಟ್ಟು ನೋಯುತ್ತದೆ, ನೀರು ಬರುವುದಿಲ್ಲ. ಹೀಗೆ ಹಿಂಡದೆ ಇಟ್ಟ ವಸ್ತುಗಳನ್ನು ಫೋನು ಬೇರೆ ಕಡೆ ನಕಲು ಮಾಡಿಕೊಳ್ಳದೆ, ಇದ್ದಲ್ಲಿಂದಲೇ ನೇರವಾಗಿ ಓದಬಲ್ಲದು. ಒಂದೇ ಷರತ್ತು, ಪ್ರತಿಯೊಂದೂ ನಾಲ್ಕು ಬೈಟಿನ ಗೆರೆಯಿಂದ ಶುರುವಾಗಿರಬೇಕು. ಝಿಪ್ ಇಂಥ ಗೆರೆ ನೋಡುವುದಿಲ್ಲ. ಪ್ರತಿ ವಸ್ತುವಿನ ಮುಂದೆ ಅದರ ಹೆಸರು ಬರೆಯುತ್ತದೆ, ಹೆಸರು ಮುಗಿದಲ್ಲಿಂದ ವಸ್ತು ಶುರು. ಹೆಸರು ಗಿಡ್ಡವೋ ಉದ್ದವೋ ಎಂಬುದರ ಮೇಲೆ ಜಾಗ ಹಿಂದೆ ಮುಂದೆ ಆಗುತ್ತದೆ. ಝಿಪ್‌ಅಲೈನ್ ಬಂದು, ಬೇಕಾದಲ್ಲಿ ಒಂದೋ ಎರಡೋ ಮೂರೋ ಸೊನ್ನೆ ಬೈಟು ತುರುಕಿ ಗೆರೆಗೆ ಕೂರಿಸುತ್ತದೆ. ಒಂದು ಚಿತ್ರಕ್ಕೆ ಹೆಚ್ಚೆಂದರೆ ಮೂರು ಬೈಟಿನ ಖರ್ಚು, ಕನ್ನಡದ ಒಂದೇ ಒಂದು ‘ಅ’ದಷ್ಟು.

ಝಿಪ್‌ಅಲೈನ್ 2009ರಲ್ಲಿ, ಆಂಡ್ರಾಯ್ಡ್ 1.6ರ ಜತೆಗೆ ಬಂದದ್ದು. ಅದಕ್ಕೆ ಹಿಂದಿನ ವರ್ಷ ಬಂದ ಮೊದಲ ಆಂಡ್ರಾಯ್ಡ್ ಫೋನು ಜಿ1ರಲ್ಲಿ ಇದ್ದದ್ದೇ 192 ಎಂಬಿ ರ್‍ಯಾಮ್. ಅಲ್ಲಿ ಒಂದೊಂದು ನಕಲೂ ದುಬಾರಿ. ಅದೂ ಅಲ್ಲದೆ ನಮ್ಮ ಆ್ಯಪಿನ ಡಬ್ಬಕ್ಕೆ ಕೈ ಹಾಕುವುದು ನಮ್ಮ ಆ್ಯಪೊಂದೇ ಅಲ್ಲ. ಮುಖಪುಟದ ಪರದೆ ಬಂದು ಐಕಾನು, ಹೆಸರು ತೆಗೆದುಕೊಂಡು ಹೋಗುತ್ತದೆ. ನೋಟಿಫಿಕೇಶನ್ ತೋರಿಸುವವರು ಬರುತ್ತಾರೆ. ಪಕ್ಕದ ಮನೆಯವರು ಹಿಂಬಾಗಿಲಿಂದ ಬಂದು, “ಅಕ್ಕಾ, ಒಂದು ಚೂರು ಸಕ್ಕರೆ ತಗೊಂಡೆ” ಎಂದು ಕೂಗಿ ಹೋಗುವ ಮನೆಯಲ್ಲಿ ಡಬ್ಬ ಎಲ್ಲಿದೆ ಎಂಬುದು ಅವರಿಗೂ ಗೊತ್ತಿರಬೇಕಲ್ಲ.

ಝಿಪ್‌ಅಲೈನ್ ಗೆರೆ ಸರಿಯಿದೆಯೇ ಎಂದು ತಪಾಸಣೆಯನ್ನೂ ಮಾಡುತ್ತದೆ. ಒಂದೊಂದೇ ವಸ್ತುವಿನ ಮುಂದೆ ‘ಓಕೆ’ ಎಂದೋ ‘ಬ್ಯಾಡ್’ ಎಂದೋ ಬರೆಯುತ್ತ ಹೋಗಿ, ಎಲ್ಲ ಸರಿಯಿದ್ದರೆ ಕೊನೆಗೆ ‘ವೆರಿಫಿಕೇಶನ್ ಸಕ್ಸೆಸ್‌ಫುಲ್’ ಎನ್ನುತ್ತದೆ. ಬಹುಕಾಲ ಆ ಸಕ್ಸೆಸ್‌ಫುಲ್ ಎಂಬ ಪದದಲ್ಲಿ ಒಂದು ‘ಎಸ್’ ಕಡಿಮೆಯಿತ್ತು. ಲೋಕದ ಆ್ಯಪುಗಳನ್ನೆಲ್ಲ ಗೆರೆಗೆ ಹಚ್ಚುವ ಯಂತ್ರ ತನ್ನ ಕಾಗುಣಿತವನ್ನು ನೋಡಿಕೊಂಡಿರಲಿಲ್ಲ. ಒಂದು ಬೈಟ್ ಉಳಿತಾಯ ಎಂದು ನಾನು ಅದರ ಪರವಾಗಿ ವಾದಿಸುತ್ತಿದ್ದೆ.

ಜೋಡಿಸಿಯಾದ ಮೇಲೆ ಸಹಿ. ಆ್ಯಪು ನನ್ನದೇ, ದಾರಿಯಲ್ಲಿ ಯಾರೂ ಕೈಯಾಡಿಸಿಲ್ಲ ಎಂಬುದಕ್ಕೆ ಡಿಜಿಟಲ್ ಸಹಿ ಹಾಕಬೇಕು. ಇಲ್ಲಿ ಹಿಂದು ಮುಂದಿನ ಗೊಂದಲ ಭಾರಿ. ಹಳೆಯ ಕ್ರಮದಲ್ಲಿ ಒಳಗಿನ ಒಂದೊಂದು ವಸ್ತುವಿಗೂ ಬೇರೆಬೇರೆ ಲೆಕ್ಕ ಬರೆದಿಡುತ್ತಿದ್ದರು. ಆದ್ದರಿಂದ ಸಹಿಯಾದ ಮೇಲೂ ಮೂಟೆಯೊಳಗೆ ವಸ್ತುಗಳನ್ನು ಸರಿಸಾಡಬಹುದಿತ್ತು, ಸಹಿ ಮೊದಲು, ಗೆರೆ ಆಮೇಲೆ. 2016ರ ಆಂಡ್ರಾಯ್ಡ್ 7ರಿಂದ ಬಂದ ಕ್ರಮದಲ್ಲಿ ಇಡೀ ಮೂಟೆಗೇ ಮುದ್ರೆ. ಅಪ್ಪ ನನಗೆ ಹಾಸ್ಟೆಲಿಗೆ ಪಾರ್ಸೆಲ್ ಕಳಿಸುತ್ತಿದ್ದಾಗ ಬಿಳಿ ಬಟ್ಟೆ ಹೊಲಿದು, ಹೊಲಿಗೆಯ ಮೇಲೆ ಅರಗು ಕಾಯಿಸಿ ಹಾಕಿ, ಮುದ್ರೆ ಒತ್ತುತ್ತಿದ್ದರು. ಒತ್ತಿ ಮುಗಿದ ಮೇಲೆ ಅಮ್ಮ ಒಳಗಿಂದ ಓಡಿಬಂದು, “ಉಪ್ಪಿನಕಾಯಿ ಬಾಟ್ಲಿ ಅಡ್ಡ ಮಲಗ್ಸಿದ್ದೀರಲ್ಲ, ನೆಟ್ಟಗೆ ನಿಲ್ಸಿ” ಎಂದರೆ ಏನೂ ಮಾಡುವ ಹಾಗಿರಲಿಲ್ಲ. ಅರಗು ಒಡೆದರೆ ಪೋಸ್ಟ್ ಆಫೀಸಿನಲ್ಲಿ ತಗೊಳ್ಳುತ್ತಿರಲಿಲ್ಲ. ಈಗ ಆ್ಯಪಿನದೂ ಅದೇ ಶಿಸ್ತು: ಮೊದಲು ಗೆರೆಗೆ ಕೂರಿಸು, ಆಮೇಲೆ ಅರಗು. ಒಂದು ಸಲ ನಾನು ಹಳೇ ಅಭ್ಯಾಸದಲ್ಲಿ ಉಲ್ಟಾ ಮಾಡಿದೆ, ಫೋನು ಮೂಟೆಯನ್ನು ಹೊಸ್ತಿಲು ದಾಟಿಸಲಿಲ್ಲ.

ಸಹಿಯ ಕೀಲಿ ಕಳೆದುಹೋದರೆ ದೊಡ್ಡ ಫಜೀತಿ. ಬೇರೆ ಕೀಲಿಯ ಸಹಿ ಹಾಕಿ ತಂದ ಹೊಸ ಆವೃತ್ತಿಯನ್ನು ಹಳೆಯದರ ಮೇಲೆ ಕೂರಲು ಫೋನು ಬಿಡುವುದಿಲ್ಲ. ಆ ಭಯಕ್ಕೆ ನಾನು ಅದರ ಒಂದು ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕಿ, ಊರಲ್ಲಿ ಅಮ್ಮನ ಬೀರುವಿನಲ್ಲಿಟ್ಟಿದ್ದೇನೆ. ಅವಳ ಅವಲಕ್ಕಿ ಸರ ಮತ್ತು ತೋಟದ ಪಹಣಿಯ ಜತೆಗೆ ಅದೂ ಇದೆ. “ಎಂತದದು?” ಎಂದು ಕೇಳಿದಳು. “ಕೀಲಿ” ಎಂದೆ. “ಕೀಲಿಯನ್ನು ಬೀರುವಿನೊಳಗಿಟ್ಟು ಬೀರುವಿಗೆ ಕೀಲಿ ಹಾಕೋದಾ?” ಎಂದಳು. ಭದ್ರತೆಯ ವಿಷಯದಲ್ಲಿ ನಾನು ಕೇಳಿದ ಅತ್ಯಂತ ಕಷ್ಟದ ಪ್ರಶ್ನೆ ಅದು.

ಇಷ್ಟಾಗಿ ಮುಗಿಯಿತೆಂದುಕೊಂಡರೆ ನಾಗಂದಿಗೆಯ ಹಲಗೆಯೇ ಬದಲಾಯಿತು. ಫೋನುಗಳು ನೆನಪಿನ ಜಾಗವನ್ನು ಪುಟಗಳಾಗಿ ಹಂಚಿಕೊಳ್ಳುತ್ತವೆ. ಇಷ್ಟು ವರ್ಷ ಒಂದು ಪುಟಕ್ಕೆ 4 ಕೆಬಿ ಇತ್ತು. ಆಂಡ್ರಾಯ್ಡ್ 15ರಿಂದ 16 ಕೆಬಿಯ ಪುಟಗಳಿಗೂ ಅವಕಾಶವಾಯಿತು. ಪ್ರೊಸೆಸರಿಗೆಂದೇ ಬರೆದ ಆ ಭಾರದ ಲೈಬ್ರರಿಗಳು ಇನ್ನು ಮುಂದೆ 16 ಕೆಬಿಯ ಗೆರೆಗೆ ಕೂರಬೇಕು. ಹೊಸ ಆಂಡ್ರಾಯ್ಡಿಗಾಗಿ ಪ್ಲೇ ಸ್ಟೋರಿಗೆ ಕೊಡುವ ಆ್ಯಪುಗಳಿಗೆ 2025ರ ನವೆಂಬರ್ 1ರಿಂದ ಇದು ಕಡ್ಡಾಯವೂ ಆಯಿತು. ಗೆಳೆಯರೆಲ್ಲ ತಲೆ ಮೇಲೆ ಕೈಹೊತ್ತು ಕೂತಾಗ ನಾನು ಆರಾಮಾಗಿದ್ದೆ. ಬಾರದ ಸುತ್ತೋಲೆಯ ಆ ಪಿಡಿಎಫ್ ಲೈಬ್ರರಿಯನ್ನು ಯಾವತ್ತೋ ಕಿತ್ತು ಎಸೆದಿದ್ದೆನಲ್ಲ.

ಆರೂವರೆ ಎಂಬಿಯ ಎಪಿಕೆಯನ್ನು ಹೆಮ್ಮೆಯಿಂದ ಅಮ್ಮನಿಗೆ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದೆ. ನೀಲಿ ಗೆರೆ ಬಂತು, ಉತ್ತರವಿಲ್ಲ. ಸಂಜೆ ಫೋನು ಮಾಡಿದರೆ, “ನಾ ಒತ್ತಲ್ಲ” ಎಂದಳು. ಮದುವೆ ಕರೆಯೋಲೆ ಎಂದು, ದಂಡದ ಚಲನ್ ಎಂದು ಎಪಿಕೆ ಕಳಿಸಿ ಬ್ಯಾಂಕಿನ ದುಡ್ಡು ಹೊಡೆಯುವವರಿದ್ದಾರೆ, ಒತ್ತಬೇಡಿ ಎಂದು ಪೊಲೀಸರು ಹೇಳುತ್ತಿದ್ದಾರಲ್ಲ, ಅದು ಅವಳ ಸ್ತ್ರೀಶಕ್ತಿ ಗುಂಪಿಗೂ ಬಂದಿತ್ತು. “ಅಮ್ಮಾ, ಕಳಿಸಿದ್ದು ನಾನು.” “ಮಕ್ಕಳ ಹೆಸರಲ್ಲೇ ಕಳಿಸ್ತಾರಂತೆ.” “ಈಗ ಮಾತಾಡ್ತಿರೋದು ನಾನೇ ಅಲ್ವಾ?” “ಧ್ವನೀನೂ ಮಾಡ್ತಾರಂತೆ.” ಬೇಸರವಾಯಿತು ನಿಜ, ಆದರೆ ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅರಗಿನ ಮುದ್ರೆ ಯಾರದೆಂದು ಓದಲು ಬಾರದವರು ಪಾರ್ಸೆಲ್ ಬಿಚ್ಚಬಾರದು.

ಕೊನೆಗೆ ಪ್ಲೇ ಸ್ಟೋರಿಗೇ ಹಾಕಿದೆ. ಅಲ್ಲಿ 2021ರಿಂದ ಹೊಸ ಆ್ಯಪನ್ನು ಎಪಿಕೆಯಾಗಿ ಕೊಡುವ ಹಾಗಿಲ್ಲ, ಬಂಡಲ್ ಆಗಿ ಕೊಡಬೇಕು. ಎಲ್ಲ ಅಳತೆಯ ಚಪ್ಪಲಿಯನ್ನೂ ಅಂಗಡಿಗೆ ಒಪ್ಪಿಸಿದರೆ, ಬಂದ ಗಿರಾಕಿಯ ಕಾಲು ನೋಡಿ ಅವರೇ ಒಂದು ಜೊತೆ ಕಟ್ಟಿ ಕೊಡುತ್ತಾರೆ. ಅಮ್ಮನ ಫೋನಿನ ಕಾಲಳತೆಗೆ ಅದು ನಾಲ್ಕು ಎಂಬಿಗೆ ಇಳಿಯಿತು. ಪಕ್ಕದ ಮನೆಯ ಹುಡುಗ ಬಂದು ಹಾಕಿಕೊಟ್ಟ. “ಬಂತು ಬಂತು! ರಾಶಿ ಕಾಣ್ತಿದೆ” ಎಂದು ಅಮ್ಮ ಕೂಗಿದಾಗ ನನ್ನ ಎರಡು ವರ್ಷದ ನಿದ್ದೆ ಒಟ್ಟಿಗೇ ಬಂತು.

ಹದಿನೈದು ದಿನ ಬಿಟ್ಟು ಕೇಳಿದೆ, “ಆ್ಯಪು ನೋಡ್ತಿದ್ದೀಯಾ?”

“ಅದಾ, ತೆಗೆದೆ ಮಾರಾಯ.”

“ಯಾಕೆ?”

“ಪುಟ್ಟಿ ಶಾಲೆ ವಾರ್ಷಿಕೋತ್ಸವದ್ದು ಕಳ್ಸಿದ್ಯಲ್ಲ, ಅದು ಒಳಗೆ ಬರ್ಲಿಕ್ಕೆ ಜಾಗ ಸಾಲ್ಲಿಲ್ಲ.”

ಹೌದು, ಕಳಿಸಿದ್ದೆ. ಅಜ್ಜಿಗೆ ಚೆನ್ನಾಗಿ ಕಾಣಲಿ ಎಂದು ಕುಗ್ಗಿಸದೆ, ಇದ್ದದ್ದನ್ನು ಇದ್ದ ಹಾಗೇ ಕಳಿಸಿದ್ದೆ. 212 ಎಂಬಿ.

“ಹಾಗಾದ್ರೆ ಧಾರಣೆ?”

“ನಿನ್ನ ಫೋನಲ್ಲಿ ಇರ್ತದಲ್ಲ. ನಾನೇ ಸಂಜೆ ಫೋನ್ ಮಾಡ್ತೀನಿ, ನೀನು ನೋಡಿ ಹೇಳು.”

ಈಗ ದಿನಾ ಸಂಜೆ ಏಳು ಗಂಟೆಗೆ ಫೋನು ಬರುತ್ತದೆ. ಮೀಟಿಂಗಿನಲ್ಲಿದ್ದರೆ ಎದ್ದು ಹೊರಗೆ ಹೋಗಿ ಆ್ಯಪು ತೆಗೆಯುತ್ತೇನೆ. ಚಕ್ಕನೆ ತೆರೆದುಕೊಳ್ಳುತ್ತದೆ, ಆ ವಿಷಯದಲ್ಲಿ ಮಾತಿಲ್ಲ. ರಾಶಿ, ಬೆಟ್ಟೆ, ಸರಕು, ಒಂದೊಂದಾಗಿ ಓದುತ್ತೇನೆ. ಅಮ್ಮ ಗೋಡೆಯ ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಬರೆದುಕೊಳ್ಳುತ್ತಾಳೆ. ನಡುವೆ ಊಟಕ್ಕೆ ಏನು, ಪುಟ್ಟಿಗೆ ಕೆಮ್ಮು ಕಡಿಮೆಯಾಯಿತಾ ಎಂದು ವಿಚಾರಿಸಿಕೊಂಡು, ಮತ್ತೆ ಲೆಕ್ಕಕ್ಕೆ ಬರುತ್ತಾಳೆ.

“ಗೊರಬಲು ಎಷ್ಟಂದೆ? ಇನ್ನೊಂದ್ಸಲ ಹೇಳು, ಪೆನ್ಸಿಲ್ ಮೊನೆ ಮುರೀತು.”